ಗೋಡೆಯ ಮೇಲಿನ ಹಸಿರು ಚೌಕ

ಸಾರಕ್ಕಿಯ ಯಲ್ಲಯ್ಯ ಸಿನಿಮಾ ಸೆಟ್ಟುಗಳಿಗೆ ಬಣ್ಣ ಹೊಡೆಯುವ ಮನುಷ್ಯ. ಆದರೆ ಕತೆ ಕೇಳದೆ ಡಬ್ಬದ ಮುಚ್ಚಳ ತೆಗೆಯುವವನಲ್ಲ. ನಿರ್ದೇಶಕ ಎಷ್ಟೇ ದೊಡ್ಡವನಾಗಿರಲಿ, ಇವನ ಮೊದಲ ಪ್ರಶ್ನೆ ಒಂದೇ: "ಈ ಮನೇಲಿ ಅಳೋರು ಯಾರು ಸಾರ್?" ಅಳುವವಳು ಸೊಸೆಯಾದರೆ ಅಡುಗೆಮನೆಗೆ ಹೊಗೆ ಹಿಡಿದ ನೀಲಿ, ಅತ್ತೆಯಾದರೆ ನಡುಮನೆಗೆ ಮಾಸಿದ ಕಾವಿ. ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿಕೊಳ್ಳುತ್ತೇವೆ ಎಂದವರಿಗೆ, "ಉಂಡು ಕೈ ತೊಳೆದ್ಮೇಲೆ ಸಾರಿಗೆ ಉಪ್ಪು ಹಾಕ್ತೀರಾ?" ಎನ್ನುತ್ತಾನೆ. ಬನಶಂಕರಿ ಬಸ್ಸಿನಲ್ಲಿ ಕೂತರೂ ಕಿಟಕಿಯಾಚೆಯ ಗೋಡೆಗಳನ್ನು ನೋಡಿಯೇ ಒಳಗಿನವರ ಜಗಳ ಹೇಳಬಲ್ಲನೆಂದು ಪ್ರತೀತಿ. ಈಚಿನ ಚಿತ್ರವೊಂದರಲ್ಲಿ, ಹೇಳದೆ ಮದುವೆಯಾದ ಮಗಳ ಫೋಟೊವನ್ನು ಅಪ್ಪ ಕಿತ್ತುಹಾಕಿದ್ದಾನೆಂದು ತಿಳಿಸಲು ಒಂದು ಪುಟ ಮಾತು ಬರೆದಿದ್ದರು. ಯಲ್ಲಯ್ಯ ಗೋಡೆಯನ್ನೆಲ್ಲ ಬಿಸಿಲಿಗೆ ಬಿಳಿಚಿಕೊಂಡಂತೆ ಮಾಡಿ, ಫೋಟೊ ಇದ್ದ ಜಾಗದಲ್ಲಿ ಮಾತ್ರ ಹಳೆಯ ಹಸಿರನ್ನು ಚೌಕವಾಗಿ ಉಳಿಸಿದ. ಅದನ್ನು ನೋಡಿದ ನಿರ್ದೇಶಕ ಆ ಪುಟವನ್ನೇ ಹರಿದುಹಾಕಿದ. ಜೆ.ಪಿ. ನಗರದ ಥಿಯೇಟರಿನಲ್ಲಿ ಆ ಚೌಕ ಪರದೆ ತುಂಬಿದಾಗ, ಒಂದು ಮಾತೂ ಇಲ್ಲದೆ, ಇಡೀ ಹಾಲ್ ಮೂಗೊರೆಸಿಕೊಂಡಿತು, ಹಿಂದೆಯೇ ಚಪ್ಪಾಳೆ. ಯಲ್ಲಯ್ಯನ ಪಕ್ಕ ಕೂತಿದ್ದ ಹೆಂಡತಿ ಅಣ್ಣಮ್ಮ ಮಾತ್ರ ಚಪ್ಪಾಳೆ ತಟ್ಟದೆ, "ಅದು ನಮ್ಮನೆ ಗೋಡೆ ಅಲ್ವಾ?" ಅಂದಳು. ಎಂಟು ವರ್ಷದ ಹಿಂದೆ, ಹೇಳದೆ ಮದುವೆಯಾದಳೆಂದು ಮಗಳು ಸುಧಾಮಣಿಯ ಫೋಟೊ ಕಿತ್ತವನು ಯಲ್ಲಯ್ಯನೇ. ಊರಿಗೆಲ್ಲ ಬಣ್ಣ ಹೊಡೆದರೂ ಆ ಗೋಡೆಗೆ ಮಾತ್ರ ಬ್ರಷ್ ತಾಗಿಸಿರಲಿಲ್ಲ. ಚಪ್ಪಾಳೆ ನಿಲ್ಲುವ ಮೊದಲೇ ಯಲ್ಲಯ್ಯ ಹೊರಗೆ ಬಂದು ಫೋನ್ ಮಾಡಿದ: "ಸುಧಾ, ಅಪ್ಪ ಕಣಮ್ಮ. ನಿನ್ ಜಾಗ ಹಂಗೇ ಐತೆ. ಅಳಿಯಂದಿರ್ನೂ ಕರ್ಕೊಂಡು ಬಾ. ಈ ಸಲ ಜೋಡಿ ಫೋಟೊ ಹಾಕ್ತೀನಿ, ಆ ಚೌಕ ಮುಚ್ಚೋವಷ್ಟು ದೊಡ್ಡದು."