ಉಲ್ಟಾ ನಡೆಯುವಂತಿಲ್ಲ

ಇಂದಿರಾನಗರದ ಹೊಸ ಕಟ್ಟಡಗಳ ಫೋಟೋ ತೆಗೆಯುತ್ತಾ ಒಂದಿಡೀ ದಿನ ಅಲೆಯೋಣ ಅಂತ ಹೊರಟಿದ್ದೆ. ಬೆಳಿಗ್ಗೆ ಮೊದಲು ಹೊಕ್ಕಿದ್ದು ಒಂದು ಪಾರ್ಕಿಗೆ. ಅದರ ಪಕ್ಕದಲ್ಲೇ ಅಲೆಯ ಹಾಗೆ ಬಳುಕಿ ನಿಂತ ಗಾಜಿನ ಕಟ್ಟಡವೊಂದಿತ್ತು. ಶೂ ಲೇಸು ಕಟ್ಟುವಾಗ ಮೊಬೈಲನ್ನು ಬೆಂಚಿನ ಮೇಲಿಟ್ಟು, ಮರೆತು ಮುಂದೆ ನಡೆದೆ. ನೆನಪಾಗಿ ತಿರುಗಿದರೆ, ಬೆಂಚಿನ ಪಕ್ಕ ಮಂಕಿ ಟೋಪಿಯ ಹಿರಿಯರೊಬ್ಬರು ಕೈ ಅಡ್ಡ ಹಿಡಿದು ನಿಂತಿದ್ದರು.

"ರೀ, ಉಲ್ಟಾ ಬರ್ತಿದ್ದೀರಲ್ಲ! ಬೋರ್ಡ್ ನೋಡಿಲ್ವಾ? ಇಲ್ಲಿ ಎಲ್ರೂ ಒಂದೇ ದಿಕ್ಕಿಗೆ ನಡೀಬೇಕು."

"ನನ್ನ ಮೊಬೈಲು ನಿಮ್ಮ ಪಕ್ಕದಲ್ಲೇ ಇದೆ ಸಾರ್."

"ಇರ್ಲಿ, ನಾನು ನೋಡ್ಕೋತೀನಿ. ಒಂದು ರೌಂಡ್ ಹಾಕ್ಕೊಂಡು ಬನ್ನಿ."

ದಡದಡ ಸುತ್ತಿ ಬಂದರೆ ಬೆಂಚು ಖಾಲಿ! ಹುಲ್ಲುಹಾಸಿನ ಆಚೆ ಬದಿಯಿಂದ ಅವರು ಮೊಬೈಲು ಎತ್ತಿ ತೋರಿಸಿ ಕೂಗಿದರು: "ನಿಮಗೇ ಕೊಡೋಣ ಅಂತ ಹಿಂದೇನೇ ಹೊರಟೆ ಕಣ್ರೀ!"

ಹುಲ್ಲಿಗೆ ಕಾಲಿಟ್ಟೆ. "ಹುಲ್ಲು ತುಳೀಬೇಡಿ!" ಅಂತ ಗದರಿದರು. ಸರಿ, ನಿಂತೆ. "ದಾರೀಲಿ ನಿಲ್ಬೇಡಿ, ನಡೀರಿ" ಅಂತ ಹಿಂದಿನಿಂದ ಬಂದ ಹೆಂಗಸೊಬ್ಬರು ರೇಗಿದರು. ಮಂಕಿ ಟೋಪಿಯವರನ್ನು ಹಿಡಿಯಲು ನಾನು ಬಿರಬಿರನೆ ನಡೆದೆ, ನನ್ನನ್ನು ಹಿಡಿಯಲು ಅವರೂ ಬಿರಬಿರನೆ ನಡೆದರು. ಎಷ್ಟು ಸುತ್ತಿದರೂ ನಡುವೆ ಅರ್ಧ ಪಾರ್ಕು ಹಾಗೇ ಉಳಿಯಿತು. ಪ್ರತಿ ಸುತ್ತಿಗೂ ಗಾಜಿನ ಕಟ್ಟಡ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಫೋಟೋ ತೆಗೆಯೋಣವೆಂದರೆ ಮೊಬೈಲು ಅವರ ಕೈಯಲ್ಲಿ.

ಕೊನೆಗೆ ಅವರ ವಾಕಿಂಗ್ ಮುಗಿದ ಮೇಲೆ ಗೇಟಿನ ಹತ್ತಿರ ಮೊಬೈಲು ಸಿಕ್ಕಿತು.

"ಬೇಜಾರು ಮಾಡ್ಕೋಬೇಡಿ, ರೂಲ್ಸ್ ಅಂದ್ಮೇಲೆ ರೂಲ್ಸ್" ಅಂದವರೇ ಸ್ಕೂಟರ್ ಹತ್ತಿ, ಒನ್ ವೇಯಲ್ಲಿ ಉಲ್ಟಾ ಹೊರಟರು, ಎದುರಿಗೆ ಸರಿಯಾಗಿ ಬರುತ್ತಿದ್ದ ಆಟೋದವನಿಗೆ ಹಾರ್ನ್ ಹೊಡೆಯುತ್ತಾ.