ಅಜ್ಜಿಯ ರಾಗಿಕಲ್ಲಿನ ಪಾಠ

ನಮ್ಮಜ್ಜಿ ಸುವಾರ್ತಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೋ, ಅವರ ಗ್ರಹಚಾರ ಬಿಡಿಸುತ್ತಿದ್ದಳು. ತೋವಿನಕೆರೆ ಕಡೆಯವಳು, ಹುಟ್ಟಿದಾಗ ಇಟ್ಟ ಹೆಸರು ಸಿದ್ದಗಂಗಮ್ಮ. ಗಂಡನ ಜೊತೆ ದೀಕ್ಷಾಸ್ನಾನ ಪಡೆದ ಮೇಲೆ ಸುವಾರ್ತಮ್ಮ ಆದಳು. ಊರವರು ಹಳೇ ಹೆಸರು ಹಿಡಿದು ಕರೆದರೂ, ಸಭೆಯವರು ಹೊಸ ಹೆಸರು ಹಿಡಿದು ಕರೆದರೂ ಓಗೊಡುತ್ತಿದ್ದಳು. ಬಿಟ್ಟಿ ಕೆಲಸಕ್ಕೆ ಕರೆದರೆ ಮಾತ್ರ ಯಾವ ಹೆಸರೂ ಅವಳ ಕಿವಿಗೆ ಬೀಳುತ್ತಿರಲಿಲ್ಲ.

ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಮಿಷನ್ನಿನ ಅಮ್ಮ ಒಬ್ಬರು ಅವಳಿಗೆ ದಶಾಜ್ಞೆ, ಕರ್ತನ ಪ್ರಾರ್ಥನೆ, ಕೀರ್ತನೆಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದರಂತೆ. ಅಜ್ಜಿ ಅಷ್ಟನ್ನೂ ರಾಗಿ ಬೀಸುವ ಪದಗಳ ಧಾಟಿಗೆ ಹಾಕಿಕೊಂಡಿದ್ದಳು. ನಮ್ಮ ಸಭೆಯ ಮಕ್ಕಳು ಕಲಿತದ್ದು ಹಾಗೆಯೇ. ಕೋಳಿ ಕೂಗುವ ಹೊತ್ತಿಗೆ ಒಬ್ಬೊಬ್ಬರನ್ನೇ ಕಲ್ಲಿನ ಎದುರು ಕೂರಿಸಿಕೊಂಡು, ಗೂಟವನ್ನು ಇಬ್ಬರೂ ಹಿಡಿದು, ತಿರುಗಿಸುತ್ತಾ ಹೇಳಿಕೊಡುತ್ತಿದ್ದಳು. ಪಾಠ ಬಾಯಿಗೆ ಬಂತು ಅನ್ನಿಸಿದ ದಿನ ಅವಳು ಗೂಟದಿಂದ ಕೈ ತೆಗೆಯುತ್ತಿದ್ದಳು. ಆಮೇಲೆ ಕಲ್ಲೂ ನಮ್ಮದೇ, ಮಾತೂ ನಮ್ಮದೇ. ಶಾಭಾಷ್ ಅನ್ನುವ ಅಭ್ಯಾಸ ಅವಳಿಗಿರಲಿಲ್ಲ.

ಹೊಸದಾಗಿ ಬಂದ ಉಪದೇಶಿ ಶಾಂತಪ್ಪನವರಿಗೆ ಇದು ಸರಿಬರಲಿಲ್ಲ. ಒಳ್ಳೆಯ ಮನುಷ್ಯರೇ, ಆದರೆ ಎಲ್ಲದಕ್ಕೂ ಬೆಂಚು ಬೇಕು ಅವರಿಗೆ. "ಸುವಾರ್ತಮ್ಮ, ಮುಂದಿನ ಭಾನುವಾರ ಪಾದ್ರಿ ಅಯ್ಯನವರು ಮಧುಗಿರಿಯಿಂದ ಬರ್ತಾರೆ. ನಿಮ್ಮ ಮೊಮ್ಮಗಳು ಅವರ ಮುಂದೆ ಪಾಠ ಒಪ್ಪಿಸಿದರೆ ಕರ್ತನ ಭೋಜನದ ರೊಟ್ಟಿ ತಗೊಳ್ಳೋಕೆ ಸೇರಿಸಿಕೊಳ್ಳೋಣ. ತಪ್ಪಿದರೆ ಮಕ್ಕಳ ಪಾಠ ನನಗೆ ಬಿಟ್ಟುಬಿಡಿ" ಎಂದರು.

"ಆಗ್ಲಿ ಬುಡಿ" ಎಂದಳು ಅಜ್ಜಿ. ಆ ವಾರವೆಲ್ಲ ಅವಳು ಸರಿಯಾಗಿ ಮುದ್ದೆ ಮುರಿದು ಉಣ್ಣಲಿಲ್ಲ.

ಆ ಮೊಮ್ಮಗಳು ನಾನೇ, ಎಸ್ತೇರಿ. ಭಾನುವಾರ ಸಭೆಯ ಮುಂದೆ ನಿಂತೆ. ಅಯ್ಯನವರು ನಗುತ್ತಲೇ, "ದಶಾಜ್ಞೆ ಹೇಳಮ್ಮ" ಎಂದರು. ನನ್ನ ಬಾಯಿಗೆ ಒಂದು ಅಕ್ಷರವೂ ಬರಲಿಲ್ಲ. ಕೈಗಳು ಸುಮ್ಮನೆ ಜೋತುಬಿದ್ದಿದ್ದವು. ಅವು ಸುಮ್ಮನಿದ್ದಾಗ ಆ ಪಾಠವನ್ನು ನಾನು ಯಾವತ್ತೂ ಹೇಳಿರಲಿಲ್ಲ. ಶಾಂತಪ್ಪನವರು ತಲೆ ತಗ್ಗಿಸಿದರು.

ಚಾಪೆಯ ಮೇಲಿದ್ದ ಅಜ್ಜಿ ಎದ್ದಳು. "ಅಯ್ನೋರೆ, ಮಗೀನ ಕೂರುಸ್ಬುಡಿ. ನಾನೂ ಎದ್ರುಗೆ ಕುಂತ್ಕತೀನಿ."

"ನೀವು ಹೇಳಿಕೊಡೋ ಹಾಗಿಲ್ಲಮ್ಮ."

"ಬಾಯಿ ಮುಚ್ಕೊಂಡಿರ್ತೀನಿ. ಕೈಗೆ ಮಾತ್ರ ಅಪ್ಪಣೆ ಕೊಡಿ."

ಅಯ್ಯನವರಿಗೆ ಏನೂ ಅರ್ಥವಾಗದಿದ್ದರೂ ತಲೆಯಾಡಿಸಿದರು. ಅಜ್ಜಿ ನನ್ನನ್ನು ನೆಲದ ಮೇಲೆ ಎಳೆದು ಕೂರಿಸಿ, ಎದುರಿಗೆ ಕಾಲು ಚಾಚಿ ಕೂತು, ಇಲ್ಲದ ಗೂಟವನ್ನು ಹಿಡಿದಳು. ನಾನು ಅವಳ ಮುಷ್ಟಿಯ ಮೇಲೆ ನನ್ನ ಕೈ ಇಟ್ಟೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಗಲಿ ಬಿಡಿ. ಎರಡು ಸುತ್ತು ತಿರುಗುವಷ್ಟರಲ್ಲಿ ನನ್ನ ಬಾಯಿ ತಾನಾಗಿ ಬಿಟ್ಟುಕೊಂಡಿತು.

ಮೊದಲನೆಯ ಆಜ್ಞೆ ಬಂತು, ಎರಡನೆಯದು ಬಂತು. ತಂದೆತಾಯಿಯರನ್ನು ಸನ್ಮಾನಿಸುವ ಆಜ್ಞೆಗೆ ಬಂದಾಗ ನನ್ನ ಕೈಯ ಕೆಳಗೆ ಏನೂ ಇರಲಿಲ್ಲ. ಅಜ್ಜಿ ಕೈ ತೆಗೆದಿದ್ದಳು. ತುಂಬಿದ ಸಭೆಯಲ್ಲಿ, ಅಯ್ಯನವರ ಮುಂದೆ, ತನ್ನ ಪಾಠದ ಮಾನವೆಲ್ಲ ನನ್ನ ನಾಲಿಗೆಯ ಮೇಲಿದ್ದಾಗ! ಮಡಿಲಲ್ಲಿ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೆ ಎಲ್ಲಿಲ್ಲದ ಹೆಮ್ಮೆಯಾಯಿತು. ಒಂಟಿಯಾಗಿ ತಿರುಗಿಸುತ್ತಲೇ ಹತ್ತೂ ಮುಗಿಸಿದೆ, ಕೇಳದಿದ್ದರೂ ಒಂದು ಕೀರ್ತನೆಯನ್ನೂ ಸೇರಿಸಿದೆ.

ಶಾಂತಪ್ಪನವರೇ ಮೊದಲು ಎದ್ದು ಬಂದು, "ನಾಳೆ ನನ್ನ ಮಗಳನ್ನೂ ಕಳಿಸ್ತೀನಿ ಸುವಾರ್ತಮ್ಮ" ಎಂದರು.

"ಕಳ್ಸಿ. ರಾಗಿ ಮಾತ್ರ ನಿಮ್ಮನೇದೇ ಆಗ್ಬೇಕು ಕಣಪ್ಪ" ಎಂದಳು ಅಜ್ಜಿ.

ಕರ್ತನ ಭೋಜನದ ಹೊತ್ತಿಗೆ ನಾನು ಅವಳ ಪಕ್ಕದಲ್ಲೇ ಮೊಣಕಾಲೂರಿದೆ. ಗೂಟ ಹಿಡಿದು ಜಡ್ಡುಗಟ್ಟಿದ ಅವಳ ಅಂಗೈಯಲ್ಲಿ ಅಯ್ಯನವರು ರೊಟ್ಟಿಯ ತುಂಡು ಇಟ್ಟರು. ಆಮೇಲೆ ನನ್ನ ಅಂಗೈಯಲ್ಲಿ ಇಟ್ಟರು. ಅದೂ ಜಡ್ಡುಗಟ್ಟಿತ್ತು.