ಕೊಣನೂರಿನ ಕಾಳ ಕೂತದ್ದು

ಕೊಣನೂರಿನ ಬೆಲ್ಲದ ಮಂಡಿ ಪಂಚಾಕ್ಷರಯ್ಯನವರು ಜನ್ಮದಲ್ಲಿ ಒಂದು ಕಡೆ ನೆಟ್ಟಗೆ ಕೂತವರಲ್ಲ. ಊಟದ ನಡುವೆ ಎದ್ದು ತಕ್ಕಡಿ ನೋಡುವರು. ಕ್ಷೌರದ ನಡುವೆ ಅರ್ಧ ಗಡ್ಡದಲ್ಲೇ ಬೀದಿಗೆ ಬಂದು ಗಾಡಿಯವನನ್ನು ಮಾತಾಡಿಸುವರು. ಅಂಥವರು ತಮ್ಮ ನಾಯಿಗೆ ಸುಮ್ಮನೆ ಕೂರುವುದನ್ನು ಕಲಿಸಲು ಹೊರಟದ್ದು ಯುದ್ಧದ ಕಾಲದಲ್ಲಿ, ಊರಿಗೆ ಇದ್ದಿಲಿನ ಬಸ್ಸು ಕೆಮ್ಮುತ್ತ ಬರುತ್ತಿದ್ದ ದಿನಗಳಲ್ಲಿ.

ಕಲಿಸದೆ ವಿಧಿಯಿರಲಿಲ್ಲ. ಮನೆಗೆ ಬಂದ ಮಠದ ಅಯ್ಯನವರ ಎದೆಗೆ ಆ ನಾಯಿ, ಕಾಳ, ಎರಡೂ ಮುಂಗಾಲಿಟ್ಟು, ಅವರ ಕಾವಿ ಶಲ್ಯ ಕಚ್ಚಿಕೊಂಡು ಸಂತೆಮಾಳದವರೆಗೆ ಓಡಿದ್ದ. ಹೆಂಡತಿ ರೇವಮ್ಮ ಅಲ್ಲೇ ತೀರ್ಪು ಕೊಟ್ಟರು.

"ಬರೋ ಸೋಮ್ವಾರ ಅಯ್ನೋರು ಮತ್ತೆ ಪೂಜೆಗೆ ಬತ್ತಾರೆ. ಅವತ್ತೂ ಇದು ಎಗರಾಡ್ತೋ, ನನ್ ತಮ್ಮನ ಜೊತೆ ಅವನೂರು ದುದ್ದಕ್ಕೆ ಅಟ್ಟಿಬುಡ್ತೀನಿ."

ಪಂಚಾಕ್ಷರಯ್ಯನವರು ಕಾಳನನ್ನು ಬಿಟ್ಟುಕೊಡುವಂತಿರಲಿಲ್ಲ. ಅವರ ಜೊತೆ ದಿನವೆಲ್ಲ ಓಡಾಡುವಷ್ಟು ದಮ್ಮು ಆ ಊರಿನಲ್ಲಿದ್ದದ್ದು ಕಾಳನಿಗೆ ಮಾತ್ರ.

ಹೊಟ್ಟೆ ಭಾರವಾದರೆ ಮಲಗುತ್ತದೆಂದು ಮೊದಲು ಬೆಣ್ಣೆ ಹಚ್ಚಿದ ಮುದ್ದೆ ತಿನ್ನಿಸಿದರು. ಕಾಳ ತಿಂದು, ಆ ಬಲದಲ್ಲಿ ಇನ್ನಷ್ಟು ಜಿಗಿದ. ಆಮೇಲೆ ಗದರಿಸಿ ನೋಡಿದರು. "ಕೂತ್ಕಳ್ಲಾ!" ಎಂದು ಅವರು ಕುಣಿದರೆ, ಆಟವೆಂದು ಅವನೂ ಕುಣಿದ.

ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ರೇವಮ್ಮನ ತಮ್ಮ ಗಂಗಾಧರಯ್ಯ ನಕ್ಕ. "ಭಾವ, ಮೊದ್ಲು ನೀವು ಕೂತ್ಕಳಿ. ಆಮೇಲೆ ಅದು ಕೂರ್ತದೆ."

"ದಿನಾ ಪೂಜೆಗೆ ಕೂರಲ್ವೇನಯ್ಯಾ ನಾನು?"

"ಕೂರ್ತಾರೆ, ಕೂರ್ತಾರೆ!" ಒಳಗಿನಿಂದ ರೇವಮ್ಮ. "ಅಂಗೈ ಮ್ಯಾಲೆ ಲಿಂಗ, ಕಿವಿಯೆಲ್ಲಾ ಬೀದೀಲಿ. ಬಸ್ಸಿನ ಹಾರನ್ ಕೇಳ್ತೋ, ದೇವ್ರನ್ನ ಕೊರಳಲ್ಲಿರೋ ಕರಡಿಗೆಗೆ ಸೇರ್ಸಿ ಓಟ!"

ಮಾತು ನಾಟಿತು. ಮರುದಿನ ಪಂಚಾಕ್ಷರಯ್ಯನವರು ದೇವರಮನೆ ಹೊಸಿಲಾಚೆ ಗೋಣಿಚೀಲ ಹಾಸಿ, ಕಾಳನನ್ನು ಅದರ ಮೇಲೆ ಬಿಟ್ಟು, ಕೊಬ್ಬರಿ ಚೂರುಗಳನ್ನು ಮಗ್ಗುಲಲ್ಲಿಟ್ಟುಕೊಂಡು ಪೂಜೆಗೆ ಕೂತರು. ಹಾರನ್ ಕೇಳಿತು. ಕಾಳ ಎದ್ದ. ಇವರೂ ಅರ್ಧ ಎದ್ದರು. ದುದ್ದ ನೆನಪಾಗಿ ಮತ್ತೆ ಕೂತರು. ಕಾಳ ಅವರನ್ನು ಮೇಲಿಂದ ಕೆಳಗೆ ನೋಡಿ, ಏನೋ ಕಾಯಿಲೆಯೆಂದು ತೀರ್ಮಾನಿಸಿದವನಂತೆ ತಾನೂ ಕುಕ್ಕರಿಸಿದ. ಒಂದು ಚೂರು ಸಿಕ್ಕಿತು. "ಭೇಷ್!" ಎಂದದ್ದೇ ತಪ್ಪಾಯಿತು, ಮತ್ತೆ ಜಿಗಿದ. ಅಂದಿನಿಂದ ಕೊಬ್ಬರಿ ಉಂಟು, ಮಾತಿಲ್ಲ.

ಸೋಮವಾರ ಅಯ್ಯನವರು ಶಲ್ಯವನ್ನು ಸೊಂಟಕ್ಕೆ ಬಿಗಿದುಕೊಂಡೇ ಬಂದರು. ಪೂಜೆ ನಡುವಿಗೆ ಬಂದಾಗ ಹಾರನ್ ಮೊಳಗಿತು. ಹಿಂದೆಯೇ ಬೀದಿಯಿಂದ ಕೂಗು: "ಸಾ, ಬೆಲ್ಲದ ಗಾಡಿ ಬಂದದೆ!"

ಗಂಗಾಧರಯ್ಯ ಹಗ್ಗ ಹಿಡಿದು ಸಿದ್ಧನಾದ. ಕಾಳನ ಕಿವಿ ನಿಮಿರಿತು. ಕಣ್ಣು ಯಜಮಾನರತ್ತ ತಿರುಗಿತು. ಪಂಚಾಕ್ಷರಯ್ಯನವರ ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿತ್ತು. ಆದರೆ ಅಂಗೈ ಅಲುಗಲಿಲ್ಲ. ಕಾಳ ದೊಡ್ಡ ಉಸಿರು ಬಿಟ್ಟು ಗೋಣಿಚೀಲದ ಮೇಲೆ ಗದ್ದ ಊರಿದ.

ಗಂಗಾಧರಯ್ಯ ಹಗ್ಗ ಸುತ್ತಿ ಗೂಟಕ್ಕೆ ಹಾಕಿದ.

ಅಯ್ಯನವರ ಕಣ್ಣು ಒದ್ದೆಯಾಯಿತು. "ಎಂಥ ಏಕಾಗ್ರತೆ ಪಂಚಾಕ್ಷರಯ್ಯ! ಇದು ಯಾವ ಗುರುವಿನ ಕೃಪೆಯಪ್ಪ?"

ಪಂಚಾಕ್ಷರಯ್ಯನವರು ಬಾಯಿ ಬಿಡಲಿಲ್ಲ. ಮಾತಾಡಿದರೆ ಕಾಳ ಏಳುತ್ತಾನಲ್ಲ!

ರೇವಮ್ಮ ಸದ್ದಿಲ್ಲದೆ ಬಂದು ಕಾಳನ ಮುಂದೆ ಒಂದು ಚೂರು ಕೊಬ್ಬರಿ ಇಟ್ಟರು. ಪೂಜೆ ಮುಗಿದು ಗಂಡ ಕೈ ಚಾಚಿದಾಗ, ಅಲ್ಲಿಗೂ ಒಂದು.